ಎಷ್ಟು ಗಂಟೆಗೆ ಬರುತ್ತೇವೆ ಅಂತ ಹೇಳಬೇಡ ಪುಟ್ಟಿ

ಪ್ರೀತಿಯ ಪುಟ್ಟಿಗೆ ದೊಡ್ಡಪ್ಪನ ಆಶೀರ್ವಾದಗಳು.

ಮೋಟರ್‌ಹೋಮ್, ಅದೇ ಒಳಗೇ ಅಡುಗೆ ಮಾಡಿ ಮಲಗುವ ಮನೆಯಂಥ ಗಾಡಿ, ಬಾಡಿಗೆಗೆ ತೆಗೆದುಕೊಂಡು, ಮಕ್ಕಳನ್ನು ಕರೆದುಕೊಂಡು, ಮೊದಲು ಅಜ್ಜಿ ಮನೆ, ಆಮೇಲೆ ಅತ್ತೆ ಮನೆ, ಕೊನೆಗೆ ನಮ್ಮ ಮನೆ ಅಂತ ಹೊರಟಿದ್ದೀಯಂತೆ. ನಿಮ್ಮಪ್ಪ ಫೋನ್ ಮಾಡಿ ಹೇಳಿದ. ತುಂಬಾ ಖುಷಿಯಾಯಿತು. ಆದರೆ ರಾತ್ರಿ ಮಲಗಿದಾಗ ಒಂದೊಂದೇ ನೆನಪಾಗಿ ನಿದ್ದೆ ಹತ್ತಲಿಲ್ಲ. ಫೋನಿನಲ್ಲಿ ಹೇಳಿದರೆ ಅರ್ಧ ಮರೆತುಹೋಗುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ.

ಎಲ್ಲಕ್ಕಿಂತ ಮುಖ್ಯವಾದದ್ದನ್ನು ಮೊದಲೇ ಹೇಳಿಬಿಡುತ್ತೇನೆ. ಎಷ್ಟು ಗಂಟೆಗೆ ಬರುತ್ತೇವೆ ಅಂತ ಯಾರಿಗೂ ಹೇಳಬೇಡ. "ಗುರುವಾರ ಇಲ್ಲಾ ಶುಕ್ರವಾರ, ಬೆಳಕಿರುವಾಗ ಬರ್ತೀವಿ" ಅನ್ನು, ಸಾಕು.

ನಾನು ಒಮ್ಮೆ ಇಂಥದ್ದೇ ಗಾಡಿಯಲ್ಲಿ ಹೊರಟು ನಮ್ಮಕ್ಕನಿಗೆ, ಅದೇ ನಿನ್ನ ಅತ್ತೆಗೆ, ಏಳು ಗಂಟೆ ಅಂತ ಹೇಳಿದ್ದೆ. ದಾರಿಯಲ್ಲಿ ಟೈರ್ ಪಂಕ್ಚರ್ ಆಗಿ ತಡವಾಯಿತು. ಅವಳು ಊಟ ಮಾಡದೆ ಕಾಯುತ್ತಿದ್ದಳು. ಅರ್ಧ ಗಂಟೆಗೊಂದು ಸಲ ಫೋನು. ಪ್ರತಿ ಫೋನಿಗೂ ನಾನು ಆಕ್ಸಿಲರೇಟರ್ ಸ್ವಲ್ಪ ಜಾಸ್ತಿ ಒತ್ತಿದೆ. ಒಂಬತ್ತೂವರೆಗೆ ಮುಟ್ಟಿದಾಗ ಕತ್ತಲು. ಅಕ್ಕ ಟಾರ್ಚ್ ಹಿಡಿದು ಗೇಟಿನ ಹತ್ತಿರ ನಿಂತಿದ್ದಳು. ನನ್ನ ಕಣ್ಣು ಆ ಬೆಳಕಿನ ಮೇಲೆ, ಗೇಟಿನ ಎರಡು ಕಂಬಗಳ ಮೇಲೆ. ಮೇಲೆ ನೋಡಲೇ ಇಲ್ಲ. ಗೇಟಿನ ಮೇಲೆ ಬಾಗಿದ್ದ ಮರದ ಕೊಂಬೆ ಚಾವಣಿಯ ಗಾಳಿಕಿಂಡಿಗೆ ಸಿಕ್ಕಿಕೊಂಡು ಚರ್ರ್ ಅಂದಿತು. ಕಿಂಡಿಯ ಪ್ಲಾಸ್ಟಿಕ್ ಮುಚ್ಚಳ ಕಿತ್ತು ಅಕ್ಕನ ಕಾಲಬುಡಕ್ಕೇ ಬಿತ್ತು. ಅದನ್ನು ಎರಡೂ ಕೈಯಲ್ಲಿ ಎತ್ತಿಕೊಂಡು, "ನಾನು ಬೇಗ ಬಾ ಬೇಗ ಬಾ ಅಂದಿದ್ದಕ್ಕೇ ಹೀಗಾಯ್ತು" ಅಂತ ಅತ್ತುಬಿಟ್ಟಳು. ಮುಚ್ಚಳ ಮರುವಾರ ಹೊಸದು ಹಾಕಿಸಿದೆ. ಅವಳ ಆ ಮುಖ ಮಾತ್ರ ಇನ್ನೂ ಮರೆತಿಲ್ಲ.

ಅದಕ್ಕೇ ಹೇಳುವುದು, ಎಲ್ಲಿಗೆ ಹೋದರೂ ಬೆಳಕಿರುವಾಗಲೇ ಮುಟ್ಟು. ಮೊಬೈಲ್ ಮ್ಯಾಪು ತೋರಿಸುವುದು ಕಾರಿನ ಸಮಯ. ಅದು ಮೂರು ಗಂಟೆ ಅಂದರೆ ನೀನು ನಾಲ್ಕು ಅಂತ ಲೆಕ್ಕ ಹಾಕು. ಮಕ್ಕಳಿರುವಾಗ ದಿನಕ್ಕೆ ಅಷ್ಟು ಓಡಿಸಿದರೆ ಸಾಕು. ಗಾಡಿಯ ಎತ್ತರ ಮತ್ತು ಅಗಲವನ್ನು ಒಂದು ಚೀಟಿಯಲ್ಲಿ ಬರೆದು ಸ್ಟೇರಿಂಗ್ ಎದುರು ಅಂಟಿಸು. ಎತ್ತರಕ್ಕೆ ಚಾವಣಿ ಮೇಲಿನ ಏಸಿ, ಅಗಲಕ್ಕೆ ಕನ್ನಡಿಗಳು ಸೇರಿರಲಿ. ಗೇಟಿನ ಮುಂದೆ ಗಾಡಿ ನಿಲ್ಲಿಸಿ, ಇಳಿದು, ಮೇಲೆ ಕೆಳಗೆ ನೋಡಿ, ಆಮೇಲೆ ಒಳಗೆ ಬಿಡು. ಹಿಂದಿನ ಚಕ್ರದಿಂದಾಚೆ ಗಾಡಿ ಉದ್ದಕ್ಕೆ ಚಾಚಿರುತ್ತದೆ. ನೀನು ಬಲಕ್ಕೆ ತಿರುಗಿಸಿದರೆ ಬಾಲ ಎಡಕ್ಕೆ ಬೀಸುತ್ತದೆ. ಕಂಬಗಳಿಗೆ ತಾಗುವುದು ಹಾಗೆಯೇ. ರಿವರ್ಸ್ ತೆಗೆಯುವಾಗ ಹಿಂದೆ ಒಬ್ಬರು ನಿಂತಿರಲಿ. ಅವರು ಕನ್ನಡಿಯಲ್ಲಿ ಕಾಣದಿದ್ದರೆ ತಕ್ಷಣ ಬ್ರೇಕ್ ಹಾಕು.

ಗಾಡಿ ಪಡೆಯುವ ದಿನ ಅವಸರ ಮಾಡಬೇಡ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತವೆ. 2319 ಅಂತಿದ್ದರೆ 2019ನೇ ವರ್ಷದ 23ನೇ ವಾರ ತಯಾರಾದದ್ದು. ಇಂಥ ಗಾಡಿಗಳು ಓಡುವುದಕ್ಕಿಂತ ನಿಂತಿರುವುದೇ ಹೆಚ್ಚು. ಹಾಗಾಗಿ ಟೈರ್ ಸವೆದಿರುವುದಿಲ್ಲ, ಆದರೆ ವಯಸ್ಸಾಗಿ ರಬ್ಬರು ಬಿರುಕು ಬಿಟ್ಟಿರುತ್ತದೆ. ಗಾಳಿಯನ್ನು ಬೆಳಿಗ್ಗೆ, ಟೈರ್ ತಣ್ಣಗಿರುವಾಗಲೇ ನೋಡಿಸು. ಗ್ಯಾಸ್ ಅಲಾರಂ, ಕಾರ್ಬನ್ ಮಾನಾಕ್ಸೈಡ್ ಅಲಾರಂ ಎರಡರ ಗುಂಡಿಯನ್ನೂ ಬಾಡಿಗೆ ಕೊಡುವವರ ಎದುರೇ ಒತ್ತು. ಕೂಗದಿದ್ದರೆ ಗಾಡಿ ತೆಗೆದುಕೊಳ್ಳಬೇಡ. ಅಡುಗೆ ಗ್ಯಾಸ್ ಗಾಳಿಗಿಂತ ಭಾರ, ಸೋರಿದರೆ ನೆಲದಲ್ಲಿ ಹೋಗಿ ಕೂರುತ್ತದೆ. ಒಲೆ ಉರಿಯುವಾಗ ಹುಟ್ಟಬಹುದಾದ ವಿಷಗಾಳಿ ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯೇ ಇಲ್ಲ. ಚಳಿ ಅಂತ ಒಲೆ ಹಚ್ಚಿಟ್ಟು ಮಲಗುವ ಯೋಚನೆಯೇ ಬೇಡ. ಹೊರಡುವ ಮುಂಚೆ ಸಿಲಿಂಡರ್ ವಾಲ್ವ್ ಮುಚ್ಚು.

ಮಕ್ಕಳು ಮಾತ್ರ ಓಡುವ ಗಾಡಿಯಲ್ಲಿ ಹಾಸಿಗೆ ಮೇಲೆ ಆಡಬಾರದು. ಅವರು ಕೇಳುತ್ತಾರೆ, ಅಳುತ್ತಾರೆ. ನೀನು ಕರಗಬೇಡ ಪುಟ್ಟಿ. ಬೆಲ್ಟ್ ಹಾಕಿ ಸೀಟಿನಲ್ಲೇ ಇರಲಿ. ಶೌಚಕ್ಕೆ ಹೋಗಬೇಕು ಅಂದರೂ ಗಾಡಿ ನಿಲ್ಲಿಸಿಯೇ ಎಬ್ಬಿಸು.

ತೂಕದ ಕಡೆ ಗಮನವಿರಲಿ. ಒಂದು ಲೀಟರ್ ನೀರು ಒಂದು ಕೆಜಿ, 100 ಲೀಟರ್ ತುಂಬಿಸಿದರೆ ಅಷ್ಟೇ ಕೆಜಿ ಹೊತ್ತುಕೊಂಡ ಹಾಗೆ. ಮೇಲಾಗಿ ಪ್ರತಿ ಮನೆಯವರೂ ಏನಾದರೂ ಕಟ್ಟಿಕೊಡುತ್ತಾರೆ. ಅಜ್ಜಿ ಕೊಟ್ಟಿದ್ದನ್ನು ಬೇಡ ಅನ್ನೋಕಾಗುತ್ತದಾ? ಅದಕ್ಕೇ ಹೋಗುವಾಗಲೇ ಗಾಡಿಯಲ್ಲಿ ಜಾಗ ಉಳಿಸಿಕೊಂಡು ಹೋಗು. ಭಾರದ್ದೆಲ್ಲ ಕೆಳಗೆ, ಚಕ್ರಗಳ ನಡುವೆ ಇರಲಿ.

ಶೌಚದ ಟ್ಯಾಂಕಿನ ವಾಲ್ವನ್ನು ಸುಮ್ನೆ ತೆರೆದಿಡಬೇಡ, ನೀರೆಲ್ಲ ಹರಿದುಹೋಗಿ ಉಳಿದದ್ದು ಗಟ್ಟಿಯಾಗುತ್ತದೆ. ಖಾಲಿ ಮಾಡುವಾಗ ಅದು ಮೊದಲು, ಸಿಂಕಿನ ನೀರು ಆಮೇಲೆ. ಆಗ ಪೈಪು ತೊಳೆದ ಹಾಗೂ ಆಗುತ್ತದೆ. ಅದಕ್ಕೆಂದೇ ಇರುವ ಜಾಗದಲ್ಲೇ ಮಾಡು. "ಹಿತ್ತಲಲ್ಲಿ ಬಿಡು, ಏನೂ ಆಗಲ್ಲ" ಅಂತ ಮನೆಯವರು ಹೇಳಿದರೂ ಬೇಡ. ಅವರ ಮನೆಯಿಂದ ಕರೆಂಟ್ ತೆಗೆದುಕೊಳ್ಳುವುದಾದರೆ ಮೊದಲು ಕೇಳು. ವೈರನ್ನು ಸುರುಳಿಯಿಂದ ಪೂರ್ತಿ ಬಿಚ್ಚು, ಸುತ್ತಿಟ್ಟರೆ ಕಾದುಹೋಗುತ್ತದೆ. ಏಸಿ, ಹೀಟರ್ ಒಟ್ಟಿಗೆ ಹಾಕಬೇಡ.

ಇನ್ನು ಅಜ್ಜಿಯ ವಿಷಯ. "ನಾವು ಗಾಡಿಯಲ್ಲೇ ಮಲಗ್ತೀವಿ" ಅಂತ ಬಂದಿಳಿದ ಮೇಲೆ ಹೇಳಿದರೆ ಅವಳ ಮನಸ್ಸಿಗೆ ನೋವಾಗುತ್ತದೆ. ನನ್ನ ಮನೆ ಇವರಿಗೆ ಸಾಲದಾಯಿತಾ ಅನ್ನಿಸುತ್ತದೆ. ಬರುವ ಮುಂಚೆಯೇ ಫೋನಿನಲ್ಲಿ ಹೇಳು, ಮಕ್ಕಳಿಗೆ ಹೊಸ ಜಾಗದಲ್ಲಿ ನಿದ್ದೆ ಬರುವುದಿಲ್ಲ ಅಂತ. ಒಂದು ರಾತ್ರಿಯಾದರೂ ಅವಳ ಪಕ್ಕದಲ್ಲಿ ಮಲಗು. ಬೆಳಿಗ್ಗೆ ಅವಳನ್ನು ಗಾಡಿಯೊಳಗೆ ಕರೆದುಕೊಂಡು ಹೋಗು. ಮೆಟ್ಟಿಲು ಎತ್ತರ, ಅವಳ ಮಂಡಿಗೆ ಆಗುವುದಿಲ್ಲ. ಕೆಳಗೊಂದು ಗಟ್ಟಿ ಮಣೆ ಇಡು, ಕೈ ಹಿಡಿದು ಹತ್ತಿಸು. ಕಿಟಕಿ ಪಕ್ಕ ಕೂರಿಸಿ, ನಿನ್ನ ಮನೆಗೆ ಬಂದವರಿಗೆ ಮಾಡುವ ಹಾಗೆ ಉಪಚಾರ ಮಾಡು. ನಿನ್ನ ಮನೆಗೆ ಬರಬೇಕು ಅಂತ ಎಷ್ಟು ವರ್ಷದಿಂದ ಅನ್ನುತ್ತಿದ್ದಾಳೆ, ಅವಳ ಕೈಲಿ ಪ್ರಯಾಣ ಆಗುವುದಿಲ್ಲ, ಅಲ್ವಾ?

ನಮ್ಮ ಗೇಟಿನ ಅಗಲ ಅಳೆದಿದ್ದೇನೆ, 3.4 ಮೀಟರ್ ಇದೆ. ಮೇಲಿನ ಕೊಂಬೆಗಳನ್ನು ಕಡಿಸಿದ್ದೇನೆ. ಎಡಗಡೆ ನೆಲ ಮಳೆ ಬಂದರೆ ಕುಸಿಯುತ್ತದೆ, ಅಲ್ಲಿ ಎರಡು ದಪ್ಪ ಹಲಗೆ ಹಾಸಿಟ್ಟಿದ್ದೇನೆ. ಹಿಂದಿನ ಚಕ್ರ ಅದರ ಮೇಲೇ ಬರಲಿ. ನಿನ್ನ ದೊಡ್ಡಮ್ಮ ದಿನಾ ಕೇಳುತ್ತಾಳೆ, ಎಷ್ಟೊತ್ತಿಗೆ ಬರ್ತಾರಂತೆ ಅಂತ. ಬೆಳಕಿರುವಾಗ ಅಂತ ಹೇಳಿದ್ದೇನೆ.

ಇಂತಿ,
ನಿನ್ನ ದೊಡ್ಡಪ್ಪ