ಬಕೆಟ್‌ನಲ್ಲಿ ಬಿಯರ್ ಎಷ್ಟು ದಿನ ಇರಬಹುದು: ಅಣ್ಣನಿಗೊಂದು ಪತ್ರ

ಪೋರ್ಟ್‌ಲ್ಯಾಂಡ್, ಓರೆಗಾನ್
ಅಕ್ಟೋಬರ್ 12

ಪ್ರೀತಿಯ ಅಣ್ಣ,

ನಮಸ್ಕಾರ. ನಾವಿಲ್ಲಿ ಕ್ಷೇಮ. ಮನೆಯಲ್ಲಿ ಮಾಡುವ ಬಿಯರನ್ನು ಹುದುಗಲು ಹಾಕಿದ ಬಕೆಟ್ಟನ್ನು ಮೂರು ವಾರ ಮುಟ್ಟದೆ ಇಟ್ಟರೆ ಕೆಟ್ಟುಹೋಗುವುದಿಲ್ಲವಾ ಅಂತ ಫೋನಿನಲ್ಲಿ ಕೇಳಿದ್ದೆಯಲ್ಲ, ಅದು ಎರಡು ಮಾತಿನಲ್ಲಿ ಮುಗಿಯುವ ವಿಷಯವಲ್ಲ. ಅದಕ್ಕೇ ಈ ಪತ್ರ.

ಕೆಡುವುದಿಲ್ಲ. 19 ಲೀಟರಿನ ಸಾಧಾರಣ ಏಲ್ (ಬಿಯರಿನ ಒಂದು ಬಗೆ) 18ರಿಂದ 20 ಡಿಗ್ರಿಯಲ್ಲಿ, ಮುಚ್ಚಳ ಭದ್ರವಾಗಿದ್ದರೆ, ಬೇರೆ ಪಾತ್ರೆಗೆ ದಾಟಿಸದೆ ಮೊದಲ ಬಕೆಟ್ಟಿನಲ್ಲೇ ಮೂರು-ನಾಲ್ಕು ವಾರ ಆರಾಮಾಗಿ ಇರುತ್ತದೆ. ದೋಸೆ ಹಿಟ್ಟಿನ ಲೆಕ್ಕ ಇಲ್ಲಿ ಹಿಡಿಯಬೇಡ. ಹಿಟ್ಟನ್ನು ಹುಳಿ ಮಾಡುವುದು ಬ್ಯಾಕ್ಟೀರಿಯಾ. ಇಲ್ಲಿ ಮಾಲ್ಟಿನ (ಮೊಳಕೆ ಬರಿಸಿ ಒಣಗಿಸಿದ ಧಾನ್ಯದ) ರಸವನ್ನು ಕುದಿಸಿ ಆರಿಸಿ, ಯೀಸ್ಟ್ ಒಂದನ್ನೇ ಹಾಕುತ್ತೇವೆ. ಬಕೆಟ್, ಪೈಪು, ಮುಚ್ಚಳವನ್ನೆಲ್ಲ ಸ್ಯಾನಿಟೈಸರ್‌ನಲ್ಲಿ ಅದ್ದಿ ತೆಗೆದಿದ್ದರೆ ಹುಳಿ ಬರಲು ಕಾರಣವಿರುವುದಿಲ್ಲ.

ಮೊದಲ ಮೂರು-ನಾಲ್ಕು ದಿನ ನೊರೆ ಎದ್ದು, ಮುಚ್ಚಳದ ಮೇಲೆ ನೀರು ತುಂಬಿ ಕೂರಿಸಿದ, ಗ್ಯಾಸ್ ಹೊರಬಿಟ್ಟು ಗಾಳಿ ಒಳಬಿಡದ ಏರ್‌ಲಾಕ್ ಗುಳುಗುಳು ಅನ್ನುತ್ತದೆ. ಆಗ ಯೀಸ್ಟ್ ತಾನೇ ಬಿಸಿ ಹುಟ್ಟಿಸುವುದರಿಂದ ಬಕೆಟ್ಟಿನ ಒಳಗೆ ಕೋಣೆಗಿಂತ ಎರಡು-ಮೂರು ಡಿಗ್ರಿ ಹೆಚ್ಚಿರುತ್ತದೆ. ಬಕೆಟ್ಟನ್ನು ನೀರಿನ ಟಬ್ಬಿನಲ್ಲಿ ಕೂರಿಸಿ ಐಸ್ ಬಾಟಲಿ ಬದಲಾಯಿಸುತ್ತಿರಬೇಕು. ಈ ದಿನಗಳಲ್ಲಿ 26 ದಾಟಿತೋ, ಪೇಂಟ್ ತಿನ್ನರ್‌ನಂಥ ಘಾಟು ಸೇರಿಕೊಳ್ಳುತ್ತದೆ. ಆಮೇಲೆ ಎಷ್ಟು ವಾರ ಇಟ್ಟರೂ ಅದು ಹೋಗುವುದಿಲ್ಲ.

ವಾರದೊಳಗೆ ಗುಳ್ಳೆ ನಿಲ್ಲುತ್ತದೆ. ಬಹಳ ಜನ ಎಡವುವುದು ಇಲ್ಲೇ. ಸಕ್ಕರೆ ತೀರುತ್ತ ಬಂದಾಗ ಯೀಸ್ಟ್, ತಾನೇ ಹೊರಬಿಟ್ಟಿದ್ದ ಎರಡು ಪದಾರ್ಥಗಳನ್ನು ಮತ್ತೆ ಹೀರಿಕೊಳ್ಳುತ್ತದೆ: ಬೆಣ್ಣೆಯ ವಾಸನೆಯ ಡೈಅಸಿಟೈಲ್, ಹಸಿ ಸೇಬಿನ ವಾಸನೆಯ ಅಸಿಟಾಲ್ಡಿಹೈಡ್. ಗುಳ್ಳೆ ನಿಂತಿತೆಂದು ಗಸಿಯಿಂದ ಬೇರೆ ಮಾಡಿಬಿಟ್ಟರೆ ಆ ವಾಸನೆಗಳು ಬಿಯರಿನಲ್ಲೇ ಉಳಿಯುತ್ತವೆ.

ಗುಳ್ಳೆಯನ್ನೂ ಕ್ಯಾಲೆಂಡರನ್ನೂ ಬಿಟ್ಟು ಹೈಡ್ರೋಮೀಟರ್ ನಂಬು. ಅದು ರಸದಲ್ಲಿ ತೇಲಿ ಸಾಂದ್ರತೆ ತೋರಿಸುವ ಮೀಟರು: ನೀರಿಗೆ 1.000, ಸಕ್ಕರೆ ಹೆಚ್ಚಿದ್ದಷ್ಟೂ ಅಂಕಿ ಹೆಚ್ಚು. 1.050ರಿಂದ ಶುರುವಾದ ಏಲ್ ಸಾಮಾನ್ಯವಾಗಿ 1.010–1.012ಕ್ಕೆ ಬಂದು ನಿಲ್ಲುತ್ತದೆ. ಹತ್ತನೇ ದಿನ ಒಮ್ಮೆ, ಮೂರು ದಿನ ಬಿಟ್ಟು ಇನ್ನೊಮ್ಮೆ ಅಳೆದಾಗ ಒಂದೇ ಅಂಕಿ ಬರಬೇಕು. ಸ್ಯಾಂಪಲ್ಲನ್ನು ಅಲ್ಲಾಡಿಸಿ ಗ್ಯಾಸ್ ಬಿಡಿಸಿಯೇ ಅಳೆ, ಇಲ್ಲವಾದರೆ ಗುಳ್ಳೆಗಳು ಮೀಟರನ್ನು ಮೇಲೆತ್ತಿ ತಪ್ಪು ತೋರಿಸುತ್ತವೆ. ಅಳೆದದ್ದನ್ನು ಬಕೆಟ್ಟಿಗೆ ವಾಪಸ್ ಸುರಿಯಬಾರದು. ಕುಡಿದು ರುಚಿ ನೋಡು. ಬೆಣ್ಣೆ ವಾಸನೆಯಿದ್ದರೆ ಇನ್ನೊಂದು ವಾರ ಬಿಡು.

ಆತುರಪಟ್ಟರೆ ಅಪಾಯವೂ ಇದೆ. ಬಾಟಲಿ ತುಂಬುವಾಗ ಗ್ಯಾಸಿಗಾಗಿ 19 ಲೀಟರಿಗೆ ಸುಮಾರು 115 ಗ್ರಾಂ ಡೆಕ್ಸ್‌ಟ್ರೋಸ್ ಹಾಕುತ್ತೇವೆ. 1.012ಕ್ಕೆ ಇಳಿಯಬೇಕಾದ ಬಿಯರನ್ನು 1.016ರಲ್ಲೇ ತುಂಬಿದರೆ ಉಳಿದ ಸಕ್ಕರೆಯೂ ಬಾಟಲಿಯೊಳಗೇ ಹುದುಗಿ, ಗ್ಯಾಸ್ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ಗಾಜು ಸಿಡಿಯುತ್ತದೆ ಅಣ್ಣ, ಕಣ್ಣಿಗೇ ಕುತ್ತು. 1.020ರಲ್ಲಿ ನಿಂತುಬಿಟ್ಟರೆ ಬಕೆಟ್ಟನ್ನು 21–22 ಡಿಗ್ರಿಗೆ ತಂದು, ಮುಚ್ಚಳ ತೆಗೆಯದೆ ಮೆಲ್ಲಗೆ ತಿರುಗಿಸಿ ಯೀಸ್ಟನ್ನು ಎಬ್ಬಿಸಬೇಕು.

ವಾರಕ್ಕೇ ಎರಡನೇ ಪಾತ್ರೆಗೆ ದಾಟಿಸಬೇಕೆಂಬ ಹಳೆಯ ಸಲಹೆ ಸತ್ತ ಯೀಸ್ಟಿನ ಭಯದಿಂದ ಬಂದದ್ದು. ಕಾರ್ಖಾನೆಯ ಎತ್ತರದ ಟ್ಯಾಂಕುಗಳಲ್ಲಿ ತಳದ ಯೀಸ್ಟಿನ ಮೇಲೆ ಭಾರ ಹೆಚ್ಚು, ಒಳಗೆ ಬಿಸಿಯೂ ಹೆಚ್ಚು. ಅದು ಬೇಗ ಒಡೆದು ಮಾಂಸದ ಸಾರು, ಸೋಯಾ ಸಾಸ್, ರಬ್ಬರಿನ ವಾಸನೆ ಬಿಡುತ್ತದೆ. ಮೊಣಕಾಲೆತ್ತರದ ಬಕೆಟ್ಟಿಗೆ ಆ ಕಷ್ಟವಿಲ್ಲ. ದಾಟಿಸುವಾಗ ಸೇರುವ ಗಾಳಿಯೇ ಹೆಚ್ಚು ಹಾನಿ: ಒದ್ದೆ ರಟ್ಟಿನ ರುಚಿ ಬರುತ್ತದೆ, ಹಾಪ್ಸ್ (ಬಿಯರಿಗೆ ಕಹಿ, ಪರಿಮಳ ಕೊಡುವ ಹೂ) ಪರಿಮಳ ಸಾಯುತ್ತದೆ.

ಹಾಗೆಂದು ತಿಂಗಳುಗಟ್ಟಲೆ ಬಿಡುವಂತಿಲ್ಲ. ಪ್ಲಾಸ್ಟಿಕ್ ನಿಧಾನವಾಗಿ ಗಾಳಿ ಒಳಬಿಡುತ್ತದೆ, ಏರ್‌ಲಾಕ್ ನೀರು ಒಣಗುತ್ತದೆ. ಆರು ವಾರದ ಮೇಲೆ ನಾನಂತೂ ಬಕೆಟ್ಟಿನಲ್ಲಿ ಇಡು ಅನ್ನಲಾರೆ. 1.080 ದಾಟಿದ ಗಟ್ಟಿ ಬಿಯರನ್ನು ತಿಂಗಳುಗಟ್ಟಲೆ ಮಾಗಿಸುವುದಿದ್ದರೆ ಮಾತ್ರ, ಕತ್ತಿನವರೆಗೆ ತುಂಬುವ ಗಾಜಿನ ಜಾಡಿಗೆ ದಾಟಿಸುವುದು ಸರಿ. ಗೋಧಿ ಬಿಯರಿಗೆ ಎರಡು ವಾರ ಸಾಕು. ಪರಿಮಳಕ್ಕೆ ಹಾಪ್ಸ್ ಹಾಕುವುದಾದರೆ ಕೊನೆಯ ಮೂರು-ನಾಲ್ಕು ದಿನ ಮಾತ್ರ ಹಾಕಿ, ತಡಮಾಡದೆ ಬಾಟಲಿಗೆ ತುಂಬಬೇಕು.

ಇದನ್ನೋದಿ ಅಲ್ಲಿ ಶುರುಮಾಡಬೇಡ. ಅಮೆರಿಕದಲ್ಲಿ 1978ರ ಕಾನೂನು ಸ್ವಂತ ಬಳಕೆಗೆ ಒಬ್ಬ ವಯಸ್ಕನಿಗೆ ವರ್ಷಕ್ಕೆ 100 ಗ್ಯಾಲನ್, ಅಂದರೆ ಸುಮಾರು 380 ಲೀಟರ್, ಬಿಟ್ಟಿದೆ. ನಮ್ಮಲ್ಲಿ ಅಬಕಾರಿ ಲೈಸೆನ್ಸ್ ಇಲ್ಲದೆ ಬಿಯರ್ ತಯಾರಿಸುವುದು ಅಪರಾಧ. ಇಲ್ಲಿಗೆ ಬಂದಾಗ ಸೇರಿ ಮಾಡೋಣ. ಬಂದ ದಿನವೇ ಬಕೆಟ್ ತುಂಬಿ, ನೀನು ಹೊರಡುವಷ್ಟರಲ್ಲಿ ಬಾಟಲಿ ಸಿದ್ಧವಿರಬೇಕಾದರೆ ಐದು ವಾರದ ರಜೆ ಹಾಕಿಕೊಂಡು ಬಾ.

ಅಮ್ಮನಿಗೂ ಅತ್ತಿಗೆಗೂ ನಮಸ್ಕಾರ ತಿಳಿಸು.

ನಿನ್ನ ತಮ್ಮ