ರಿಬ್ಬನ್ ಫೋಟೊ ಸಾಲದು, ಸುದ್ದಿಯ ಹಿನ್ನೆಲೆಯನ್ನೂ ಹಾಕಿ

ಮಾನ್ಯ ಸಂಪಾದಕರೇ,

ನಾನು ಯಾದಗಿರಿ ಜಿಲ್ಲೆಯ ಹೈಸ್ಕೂಲುಗಳಲ್ಲಿ ವಿಜ್ಞಾನ ಕಲಿಸಿ ನಿವೃತ್ತನಾದವನು. ಹೋದ ತಿಂಗಳು ಕಲಬುರಗಿಯ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ಕೊನೆ ವರ್ಷದ ಹುಡುಗರ ಪ್ರಾಜೆಕ್ಟ್ ಪ್ರದರ್ಶನ ಇತ್ತು. ಅಲ್ಲಿ ಪಾಠ ಮಾಡುವ ನನ್ನ ಹಳೆ ಶಿಷ್ಯನೊಬ್ಬ ಬರಲೇಬೇಕು ಅಂದ, ಹೋದೆ.

ಒಂದು ಟೇಬಲ್ ಮುಂದೆ ಜನ ಜಾಸ್ತಿ ಇದ್ದರು. ದಪ್ಪ ಪಿವಿಸಿ ಪೈಪಿನೊಳಗೆ ಜಲ್ಲಿ, ಮರಳು, ಇದ್ದಿಲು ತುಂಬಿ ಫಿಲ್ಟರ್ ಮಾಡಿ ನಿಲ್ಲಿಸಿದ್ದರು. ಮೇಲೆ ‘ಯಾದಗಿರಿ ಜಿಲ್ಲೆಗೆ ಅಗ್ಗದ ಆರ್ಸೆನಿಕ್ ಫಿಲ್ಟರ್’ ಅಂತ ಬ್ಯಾನರ್. ಒಬ್ಬ ಹುಡುಗ ಎರೆಮಣ್ಣು ಕಲಸಿದ ನೀರನ್ನು ಮೇಲಿಂದ ಸುರಿದ. ಸ್ವಲ್ಪ ಹೊತ್ತಿಗೆ ಕೆಳಗಿನ ಗ್ಲಾಸಿಗೆ ತಿಳಿನೀರು ಬಿತ್ತು. ಎಲ್ಲರೂ ಚಪ್ಪಾಳೆ ತಟ್ಟಿದರು.

‘ಆರ್ಸೆನಿಕ್ ಹೋಯ್ತು ಅಂತ ಹೆಂಗ್ ಗೊತ್ತಾಯ್ತಪ್ಪಾ?’ ಅಂದೆ.

‘ನೀರು ತಿಳಿ ಆತಲ್ರಿ ಸರ!’ ಅಂದ.

ಆರ್ಸೆನಿಕ್ ಒಂದು ವಿಷ. ಅದಕ್ಕೆ ಬಣ್ಣ, ವಾಸನೆ, ರುಚಿ ಯಾವುದೂ ಇಲ್ಲ. ಅದು ತಿಳಿನೀರಿನಲ್ಲೇ ಕರಗಿ ಕೂತಿರುತ್ತದೆ. ಕುದಿಸಿದರೂ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಅದರ ಪ್ರಮಾಣ ಏರುತ್ತದೆ. ಬರೀ ಮರಳು, ಇದ್ದಿಲಿನ ಕೈಲಿ ಆಗುವ ಕೆಲಸ ಅಲ್ಲ ಅದು. ಕಬ್ಬಿಣದ ತುಕ್ಕಿನಂಥ ಪದಾರ್ಥ ಬೇಕು, ಇಲ್ಲವೇ ಆಕ್ಟಿವೇಟೆಡ್ ಅಲ್ಯೂಮಿನಾ ಅನ್ನುವ, ಆರ್ಸೆನಿಕ್ ಹಿಡಿದಿಡುವ ಹರಳು, ಇಲ್ಲವೇ ತೆಳು ಪೊರೆಯ ಮೂಲಕ ನೀರನ್ನು ಒತ್ತಿ ಸೋಸುವ ಆರ್‌ಒ ಮಷಿನ್. ಹೀಗೆ ಹಿಡಿದಿಟ್ಟ ವಿಷವನ್ನು ಆಮೇಲೆ ಎಲ್ಲಿ ಚೆಲ್ಲಬೇಕು ಅನ್ನುವುದು ಇನ್ನೊಂದು ತಲೆನೋವು.

ಪಕ್ಕದ ಚಾರ್ಟಿನಲ್ಲಿ ‘ಲಿಟರೇಚರ್ ಸರ್ವೆ’ ಅಂತ, ಅಂದರೆ ಹಿಂದಿನವರು ಮಾಡಿದ ಅಧ್ಯಯನ ಅಂತ, ಹತ್ತು ಹನ್ನೆರಡು ಲೇಖನಗಳ ಪಟ್ಟಿ ಇತ್ತು. ಬಾಂಗ್ಲಾದೇಶ, ಚೀನಾ, ಪಶ್ಚಿಮ ಬಂಗಾಳ ಎಲ್ಲ ಇದ್ದವು. ನಮ್ಮ ಕಡೆಯದು ಒಂದೂ ಇಲ್ಲ. ‘ಕಿರದಳ್ಳಿ ತಾಂಡಾ ಹೆಸರು ಕೇಳೀರೇನು?’ ಅಂದೆ. ನಾಲ್ಕೂ ಜನ ಮುಖ ಮುಖ ನೋಡಿಕೊಂಡರು. ಅವರಲ್ಲೊಬ್ಬಳು ಸುರಪುರದವಳೇ!

ಕಿರದಳ್ಳಿ ತಾಂಡಾ ಇರುವುದು ಸುರಪುರ ತಾಲ್ಲೂಕಿನಲ್ಲಿ, ಮಂಗಳೂರಿನ ಹಳೆ ಚಿನ್ನದ ಗಣಿಯ ಹತ್ತಿರ. ಈ ಮಂಗಳೂರು ಕಡಲ ದಂಡೆಯದಲ್ಲ, ನಮ್ಮ ಸುರಪುರ ತಾಲ್ಲೂಕಿನದೇ. ಜಾದವಪುರ ವಿಶ್ವವಿದ್ಯಾಲಯದ ದೀಪಂಕರ್ ಚಕ್ರವರ್ತಿ ಮತ್ತು ಸಂಗಡಿಗರು ಇಲ್ಲಿ ಅಧ್ಯಯನ ಮಾಡಿ 2013ರಲ್ಲಿ ಪ್ರಕಟಿಸಿದರು. 59 ಕೊಳವೆ ಬಾವಿಗಳ ನೀರು ನೋಡಿದರು. ಕುಡಿಯುವ ನೀರಿನಲ್ಲಿ ಲೀಟರಿಗೆ 10 ಮೈಕ್ರೊಗ್ರಾಂ ಮಿತಿ. ಶೇಕಡಾ 79ರಷ್ಟು ಬಾವಿಗಳಲ್ಲಿ ಅದಕ್ಕಿಂತ ಜಾಸ್ತಿ ಇತ್ತು, ಒಂದರಲ್ಲಂತೂ 303. ಕೂದಲು, ಉಗುರು ಕೊಟ್ಟ 171 ಜನರಲ್ಲಿ ಪ್ರತಿಯೊಬ್ಬರದರಲ್ಲೂ ಆರ್ಸೆನಿಕ್ ಹೆಚ್ಚಾಗಿತ್ತು. ತಪಾಸಣೆ ಮಾಡಿಸಿಕೊಂಡ 181 ಜನರಲ್ಲಿ ಅರ್ಧಕ್ಕಿಂತ ಹೆಚ್ಚಿನವರ ಚರ್ಮದ ಮೇಲೆ ಅದರ ಗುರುತು ಕಂಡಿತು.

ಹುಡುಗರಿಗೆ ನಾನು ಮುಖ್ಯವಾಗಿ ತೋರಿಸಿದ್ದು ಬೇರೆ. ಆ ತಂಡ ಮೇಲ್ಮಣ್ಣನ್ನೂ ಪರೀಕ್ಷೆ ಮಾಡಿತ್ತು. 12 ಮಾದರಿಗಳಲ್ಲಿ ಆರರಲ್ಲಿ ಕಿಲೊ ಮಣ್ಣಿಗೆ 2000 ಮಿಲಿಗ್ರಾಂಗೂ ಜಾಸ್ತಿ ಆರ್ಸೆನಿಕ್! ಅಂದರೆ ಎಂಥ ಒಳ್ಳೆ ಫಿಲ್ಟರ್ ಕೊಟ್ಟರೂ ಅಂಗಳದಲ್ಲಿ ಆಡುವ ಮಗು ಮಣ್ಣಿನ ಕೈ ಬಾಯಿಗೆ ಹಾಕಿದರೆ ವಿಷ ಒಳಗೆ ಹೋಗಬಹುದು. ಈ ಒಂದು ಸಾಲು ಮೊದಲೇ ಓದಿದ್ದರೆ ಆ ನಾಲ್ಕು ಜನ ಒಂದು ವರ್ಷ ಮಾಡಿದ ಪ್ರಾಜೆಕ್ಟೇ ಬೇರೆ ಆಗುತ್ತಿತ್ತು.

ಅವರನ್ನು ಬೈಯಲು ಮನಸ್ಸಾಗಲಿಲ್ಲ. ಆ ಲೇಖನ ಇಂಗ್ಲಿಷಿನಲ್ಲಿದೆ, ವಿಜ್ಞಾನಿಗಳು ಓದುವ ಜರ್ನಲ್‌ನಲ್ಲಿದೆ. ಸುರಪುರದ ಹುಡುಗಿಗೆ ಸುರಪುರದ ನೀರಿನ ವಿಷಯ ಮತ್ತೆಲ್ಲಿಂದ ಗೊತ್ತಾಗಬೇಕು? ಮನೆಗೆ ಬರುವ ಪೇಪರಿನಿಂದ ತಾನೇ. ಅದಕ್ಕೇ ಈ ಪತ್ರ ನಿಮಗೆ: ಸುದ್ದಿಯ ಜೊತೆ ಅದರ ಹಿನ್ನೆಲೆಯನ್ನೂ ಹಾಕಿ.

ಶುದ್ಧ ನೀರಿನ ಘಟಕದ ಉದ್ಘಾಟನೆ ಸುದ್ದಿಗಳನ್ನು ನಾನು ಕತ್ತರಿಸಿ ಇಡುತ್ತೇನೆ. ರಿಟೈರ್ ಆದವನ ಚಟ ಅಂದುಕೊಳ್ಳಿ. ಫೋಟೊದಲ್ಲಿ ರಿಬ್ಬನ್, ಕತ್ತರಿ, ಶಾಲು, ಹಾರ. ವೇದಿಕೆ ಮೇಲೆ ಕೂತವರ ಹೆಸರು ಒಂದೂ ಬಿಡದೆ ಇರುತ್ತವೆ. ಆ ಬೋರಿನ ನೀರಿನಲ್ಲಿ ಏನಿದೆ, ಫ್ಲೋರೈಡೋ ಆರ್ಸೆನಿಕ್ಕೋ, ಯಾರು ಯಾವಾಗ ಪರೀಕ್ಷೆ ಮಾಡಿದರು, ಮೆಂಬ್ರೇನ್ (ಸೋಸುವ ಪೊರೆ) ಹಾಳಾದರೆ ಯಾರು ಬದಲಿಸಬೇಕು, ಮಷಿನ್ ಹೊರಗೆ ಬಿಡುವ ಕೆಟ್ಟ ನೀರು ಎಲ್ಲಿಗೆ ಹೋಗುತ್ತದೆ? ಇದರಲ್ಲಿ ಒಂದೂ ಇರುವುದಿಲ್ಲ.

ಮ್ಯಾನ್‌ಹೋಲ್‌ನಲ್ಲಿ ಕಾರ್ಮಿಕರು ಉಸಿರುಗಟ್ಟಿ ಸತ್ತ ಸುದ್ದಿಯೂ ಹೀಗೇ. ಹೆಸರು, ವಯಸ್ಸು, ‘ಪ್ರಕರಣ ದಾಖಲಾಗಿದೆ’, ಅಷ್ಟೇ. ಮಲ ಹೊರುವ ಪದ್ಧತಿ ನಿಷೇಧಿಸಿದ 2013ರ ಕಾಯ್ದೆ ಪ್ರಕಾರ ಸುರಕ್ಷಾ ಸಾಧನ ಕೊಡದೆ ಚರಂಡಿಯೊಳಗೆ ಮನುಷ್ಯರನ್ನು ಇಳಿಸುವುದೇ ಅಪರಾಧ. ಸತ್ತವರ ಮನೆಗೆ 10 ಲಕ್ಷ ರೂಪಾಯಿ ಕೊಡಬೇಕು ಅಂತ ಸುಪ್ರೀಂ ಕೋರ್ಟ್ 2014ರಲ್ಲಿ ಹೇಳಿತ್ತು. 2023ರ ಅಕ್ಟೋಬರಿನಲ್ಲಿ ಅದನ್ನು 30 ಲಕ್ಷಕ್ಕೆ ಏರಿಸಿತು. ಸುದ್ದಿಯ ಕೆಳಗೆ ಈ ಮೂರು ಸಾಲು ಇದ್ದರೆ ಆ ಮನೆಯವರು ಪೇಪರ್ ತುಂಡನ್ನು ಜೇಬಿನಲ್ಲಿಟ್ಟುಕೊಂಡು ಕಚೇರಿಗೆ ಹೋಗಬಹುದು. 30 ಅಂತ ಗೊತ್ತಿಲ್ಲದವನಿಗೆ 10 ಲಕ್ಷವೇ ದೊಡ್ಡದು ಅನ್ನಿಸುತ್ತದೆ, ಅಲ್ವಾ?

ಕಾರ್ಖಾನೆಗಳ ಪರಿಸರ ಸಾರ್ವಜನಿಕ ಸಭೆಯ ಜಾಹೀರಾತು ನಿಮ್ಮ ಪತ್ರಿಕೆಯಲ್ಲೇ ಸಣ್ಣ ಅಕ್ಷರದಲ್ಲಿ ಬರುತ್ತದೆ. ಯೋಜನೆಯ ಪರಿಸರ ಪರಿಣಾಮ ವರದಿಯ ಸಾರಾಂಶ ಕನ್ನಡದಲ್ಲೂ ಇರಬೇಕು, ಜಿಲ್ಲಾಧಿಕಾರಿ ಕಚೇರಿಯಂಥ ಕಡೆ ಜನರಿಗೆ ನೋಡಲು ಇಡಬೇಕು ಅಂತ ಕೇಂದ್ರ ಸರ್ಕಾರದ 2006ರ ಅಧಿಸೂಚನೆ ಹೇಳುತ್ತದೆ. ಸಭೆಗೆ ಕನಿಷ್ಠ 30 ದಿನ ಮೊದಲೇ ನೋಟಿಸ್ ಕೊಡಬೇಕು. ಆ 30 ದಿನದಲ್ಲಿ ಒಂದು ದಿನ ನಿಮ್ಮ ವರದಿಗಾರರು ಹೋಗಿ ಅದನ್ನು ಓದಿ ಅರ್ಧ ಪುಟ ಬರೆದರೆ ಸಾಕು.

ಮನಸ್ಸು ಮಾಡಿದರೆ ಬರೆಯಲು ಬರುತ್ತದೆ. ಬೀದರಿನ ನೌಬಾದ್ ಸುರಂಗ ಬಾವಿಯ ಹೂಳು ತೆಗೆದಾಗ ಪತ್ರಿಕೆಗಳು ಚೆನ್ನಾಗಿ ಬರೆದವು. ಬಹಮನಿ ಕಾಲದ್ದು, ಇರಾನ್ ಕಡೆಯ ತಂತ್ರ, ನೆಲದೊಳಗೆ ಕಾಲುವೆ, ನಡುನಡುವೆ ಗಾಳಿ ಬೆಳಕಿಗೆ ಬಾವಿಗಳು ಅಂತ ಎಲ್ಲ ವಿವರ ಇತ್ತು. ಅದನ್ನು ಓದಿಯೇ ನಾನು ಬಸ್ ಹತ್ತಿ ನೋಡಲು ಹೋಗಿದ್ದೆ.

ವರದಿಗಾರರಿಗೆ ಟೈಮ್ ಎಲ್ಲಿದೆ ಅಂತ ನೀವು ಕೇಳಬಹುದು. ನಿಜ. ತಾಲ್ಲೂಕಿಗೆ ಒಬ್ಬನೇ ಹುಡುಗ, ಸುದ್ದಿಯೂ ಅವನೇ, ಜಾಹೀರಾತೂ ಅವನೇ. ಆದರೆ ಗುಲಬರ್ಗಾ ವಿಶ್ವವಿದ್ಯಾಲಯ 1980ರಿಂದ ಇದೆ. ಈಗ ಕಡಗಂಚಿಯಲ್ಲಿರುವ ಕೇಂದ್ರೀಯ ವಿಶ್ವವಿದ್ಯಾಲಯ 2009ರಲ್ಲಿ ಬಂತು. ಅಲ್ಲಿ ಸಂಶೋಧನೆ ಮಾಡುವವರಿಗೆ ವಾರಕ್ಕೊಂದು ಮೂಲೆ ಕೊಡಿ. ನಮ್ಮ ಭಾಗದ ಒಂದು ಯೋಜನೆ ಅಥವಾ ಒಂದು ಸಮಸ್ಯೆ, ಅದರ ಬಗ್ಗೆ ಹಿಂದೆ ಯಾರು ಏನು ಕಂಡರು ಅಂತ ಇನ್ನೂರು ಪದದಲ್ಲಿ ತಿಳಿಗನ್ನಡದಲ್ಲಿ ಬರೆಯಲಿ.

ಒಂದೇ ಷರತ್ತು. ಅವರು ‘ಇರಬಹುದು’ ಅಂತ ಬರೆದದ್ದನ್ನು ನಿಮ್ಮ ಡೆಸ್ಕಿನವರು ‘ಇದೆ’ ಅಂತ ಮಾಡಬಾರದು. ಕಿರದಳ್ಳಿಯ ಲೇಖನದಲ್ಲೇ ನೋಡಿ: ವಿಷ ಮೈಗೆ ಸೇರಿದ್ದು ಮುಖ್ಯವಾಗಿ ನೀರಿನಿಂದ ಅಂತ ಅವರ ಊಹೆ, ಮಣ್ಣಿನಿಂದಲೂ ಇರಬಹುದು, ಇನ್ನೂ ಅಧ್ಯಯನ ಬೇಕು ಅಂತ ಬರೆದಿದ್ದಾರೆ. ‘ಇನ್ನೂ ಅಧ್ಯಯನ ಬೇಕು’ ಅನ್ನುವ ಆ ಮಾತನ್ನು ಜಾಗ ಸಾಲದು ಅಂತ ಕತ್ತರಿಸಬೇಡಿ. ಮುಂದಿನ ಹುಡುಗರು ಕೆಲಸ ಶುರು ಮಾಡುವುದೇ ಅಲ್ಲಿಂದ. ಅಂದಹಾಗೆ ಇದು 2013ರ ಲೆಕ್ಕ. ಈಗ ತಾಂಡಾ ಹೇಗಿದೆ ಅಂತ ನೋಡಿ ಬರೆಯಬೇಕಾದವರು ನಿಮ್ಮವರೇ.

ಮೊನ್ನೆ ಆ ಸುರಪುರದ ಹುಡುಗಿ ಫೋನ್ ಮಾಡಿದ್ದಳು. ರಜೆಗೆ ಊರಿಗೆ ಬಂದಿದ್ದಾಳೆ. ‘ಸರ, ಬೋರಿನ ನೀರು ಲ್ಯಾಬಿಗೆ ಕೊಡಬೇಕಂದ್ರ ಎಂಥ ಬಾಟ್ಲಿ ಬೇಕ್ರಿ?’ ಅಂತ ಕೇಳಿದಳು. ಲ್ಯಾಬಿನವರು ಕೊಡುವ ಬಾಟಲಿಯಲ್ಲೇ ಹಿಡಿ, ಮೇಲೆ ಊರು, ಬೋರಿನ ಜಾಗ, ತಾರೀಖು ಬರೆಯೋದು ಮರೀಬೇಡ ಅಂದೆ.

ಇಂತಿ,
ನಿಮ್ಮ ಹಳೆಯ ಓದುಗ, ನಿವೃತ್ತ ವಿಜ್ಞಾನ ಶಿಕ್ಷಕ
ಯಾದಗಿರಿ