ಅಂಜಲ್ ಎಂದು ಬರೆದರೆ ಅಂಜಲ್ಲೇ ಕೊಡಿ

ಮಾನ್ಯ ಸಂಪಾದಕರೇ,

ಕಲಬುರಗಿಯಲ್ಲೂ ಈಗ ಸಮುದ್ರದ ಮೀನಿನ ಊಟ ಸಿಗುತ್ತಿದೆ. ನನಗಂತೂ ಇದು ತುಂಬಾ ಖುಷಿಯ ವಿಷಯ. ನಾನು ಕುಂದಾಪುರದ ಕಡೆಯವಳು. ಮದುವೆಯಾಗಿ ಇಲ್ಲಿಗೆ ಬಂದ ಹೊಸದರಲ್ಲಿ ಬಂಗುಡೆ ತಿನ್ನಬೇಕೆಂದರೆ ತವರಿಗೇ ಹೋಗಬೇಕಿತ್ತು. ಈಗ ಇದೇ ಊರಲ್ಲಿ ನೀರು ದೋಸೆ, ಗಸಿ (ತೆಂಗಿನಕಾಯಿ ಅರೆದು ಮಾಡುವ ನಮ್ಮ ಕಡೆಯ ದಪ್ಪ ಸಾರು) ಸಿಗುತ್ತದೆ. ಹೋಟೆಲ್ ನಡೆಸುವವರ ಕಷ್ಟವೂ ಗೊತ್ತು. ಆದರೂ ಅವರಿಗೆ ಒಂದು ಮಾತು ಹೇಳಲೇಬೇಕು. ಮೆನುವಿನಲ್ಲಿ ಯಾವ ಮೀನಿನ ಹೆಸರಿದೆಯೋ ಅದೇ ಮೀನು ತಟ್ಟೆಗೆ ಬರಬೇಕು. ಇಲ್ಲದಿದ್ದರೆ ಇಲ್ಲ ಅನ್ನಬೇಕು.

ಶ್ರಾವಣ ಹಿಡಿದರೆ ನಮ್ಮ ಮನೆಯಲ್ಲಿ ತಿಂಗಳು ಪೂರ್ತಿ ಮೀನು, ಮಾಂಸ ಬಂದ್. ಅದಕ್ಕೇ ಜುಲೈನಲ್ಲಿ ಒಂದು ಭಾನುವಾರ ರಾತ್ರಿ ಮನೆಮಂದಿಯೆಲ್ಲ ಹೊರಗೆ ಊಟಕ್ಕೆ ಹೋದೆವು. ಅತ್ತೆ, ಯಜಮಾನರು, ಮೈದುನನ ಸಂಸಾರ, ಮಕ್ಕಳು. ಸಾದಾ ಹೋಟೆಲ್. ಉದ್ದನೆಯ ಟೇಬಲ್, ಸ್ಟೀಲ್ ತಟ್ಟೆ, ಕೈ ತೊಳೆಯಲು ಮೂಲೆಯಲ್ಲಿ ನಲ್ಲಿ. ಮಕ್ಕಳನ್ನು ಕರೆದುಕೊಂಡು ಹೋಗಲು ಇಂಥ ಜಾಗವೇ ಸರಿ. ಬಾಗಿಲಲ್ಲಿ ದೊಡ್ಡ ಬೋರ್ಡು, 'ಮಂಗಳೂರು ಬಂದರಿನಿಂದ ದಿನಾ ತಾಜಾ ಮೀನು'.

ನನ್ನ ಅತ್ತೆಯ ತವರು ಜೇವರ್ಗಿ ಕಡೆ, ಭೀಮಾ ದಂಡೆಯ ಹಳ್ಳಿ. ಕಾಟ್ಲಾ, ರೋಹು ಕೊಳ್ಳುವಾಗ ಕಿವಿರು ಎತ್ತಿ ನೋಡಿ, ಹೊಟ್ಟೆ ಒತ್ತಿ ನೋಡಿಯೇ ಚೀಲಕ್ಕೆ ಹಾಕುತ್ತಾರೆ. ಮಾರುವವನು ಬೆಳಿಗ್ಗೆ ಹಿಡಿದದ್ದು ಎಂದರೆ, "ನಿನ್ನಿ ಸಂಜಿದು ಅದ, ಸುಳ್ಳ ಹೇಳಬ್ಯಾಡ" ಎಂದು ಮುಖಕ್ಕೇ ಹೇಳುವವರು. ಹೊಳೆ ಮೀನಿನಲ್ಲಿ ಅವರಿಗೆ ಯಾರೂ ಮೋಸ ಮಾಡಲಾರರು. ಆದರೆ ಸಮುದ್ರದ ಮೀನು ಅವರಿಗೆ ಹೊಸದು. ಅಂಜಲ್ ಎಂದರೆ ಸಮುದ್ರದ ದೊಡ್ಡ, ದುಬಾರಿ ಮೀನು. ಅಂಜಲ್‌ನಲ್ಲಿ ಸಣ್ಣ ಮುಳ್ಳು ಕಡಿಮೆ, ವಯಸ್ಸಾದವರಿಗೆ ತಿನ್ನಲು ಸುಲಭ ಎಂದು ನಾನೇ ಅವರಿಗಾಗಿ ಅಂಜಲ್ ರವಾ ಫ್ರೈ ಹೇಳಿದೆ. ನಮಗೆ ಬಂಗುಡೆ ತವಾ ಫ್ರೈ. ಮಕ್ಕಳಿಗೆ ನೀರು ದೋಸೆ, ಮೀನು ಗಸಿ. ಮೈದುನನ ಮಗನಿಗೆ ಸಿಗಡಿ ಆಗುವುದಿಲ್ಲ, ತಿಂದರೆ ಮೈಯೆಲ್ಲ ದದ್ದು ಏಳುತ್ತದೆ. ಗಸಿಯಲ್ಲಿ ಸಿಗಡಿ ಇದೆಯಾ ಎಂದು ಕೇಳಿದಾಗ ಬಡಿಸುವ ಹುಡುಗ ಒಳಗೆ ಹೋಗಿ ಬಂದು, ಇಲ್ಲ ಎಂದ.

ಬಂಗುಡೆ ಚೆನ್ನಾಗಿತ್ತು. ಮಸಾಲೆ ಹದವಾಗಿ ಹಿಡಿದಿತ್ತು, ಒಳಗಿನ ಮಾಂಸ ಬೆರಳಿಗೆ ಬಿಗಿಯಾಗಿ ಸಿಗುತ್ತಿತ್ತು. ಮಾಡಿದವರ ಕೈಗೆ ನಿಜಕ್ಕೂ ರುಚಿ ಗೊತ್ತು. ಆದರೆ ಅತ್ತೆಯ ತಟ್ಟೆಗೆ ಬಂದದ್ದು ಅಂಜಲ್ ಆಗಿರಲಿಲ್ಲ. ಅಂಜಲನ್ನು ಅಡ್ಡಕ್ಕೆ ಕೊಯ್ಯುತ್ತಾರೆ. ಅಗಲವಾದ ತುಂಡು, ನಡುವೆ ಬೆನ್ನುಮೂಳೆ, ಸುತ್ತ ಬೆಳ್ಳಿ ಬಣ್ಣದ ತೊಗಲು. ಬೆಂದ ಮೇಲೆ ಮಾಂಸ ಗಟ್ಟಿಯಾಗಿ ಪದರ ಪದರವಾಗಿ ಬಿಡುತ್ತದೆ. ಇಲ್ಲಿ ಮೂಳೆಯೂ ಇಲ್ಲ, ತೊಗಲೂ ಇಲ್ಲ. ರವೆ ಸರಿಸಿದರೆ ಒಳಗೆ ಬೆಳ್ಳನೆಯ ಮೆತ್ತನೆ ಮಾಂಸ, ಅದುಮಿದರೆ ನೀರು. ಕೆರೆಯಲ್ಲಿ ಸಾಕುವ ಅಗ್ಗದ ಬಾಸಾ ಮೀನಿನ ಹೋಳು ಅದು. "ಇದ್ರಾಗ ಮುಳ್ಳೇ ಇಲ್ಲಲ್ಲವ್ವಾ" ಎಂದು ಅತ್ತೆ ಆಶ್ಚರ್ಯಪಟ್ಟರು. ಹುಡುಗನನ್ನು ಕರೆದು ಕೇಳಿದೆ. "ಅಂಜಲ್ಲೇ ಮೇಡಂ" ಎಂದ. ಕೊನೆಗೆ ಮಾಲೀಕರೇ ಬಂದರು. ನಾನು ಕುಂದಾಪುರದವಳು ಎಂದ ಮೇಲೆ ದನಿ ಇಳಿಸಿ, ಎರಡು ದಿನದಿಂದ ಅಂಜಲ್ ಬಂದಿಲ್ಲ ಎಂದು ಒಪ್ಪಿಕೊಂಡರು. ಆಮೇಲೆ ಹೇಳಿದರು: "ಇಲ್ಲಿನ ಜನಕ್ಕೆ ಗೊತ್ತಾಗಲ್ಲ ಮೇಡಂ."

ಪಕ್ಕದಲ್ಲೇ ಕೂತಿದ್ದ ಅತ್ತೆಗೂ ಆ ಮಾತು ಕೇಳಿಸಿತು.

ಮಾಲೀಕರು ಆ ತಟ್ಟೆಯ ಹಣ ತೆಗೆದುಕೊಳ್ಳಲಿಲ್ಲ. ಹಣದ ಪ್ರಶ್ನೆಯೂ ಇದೆ ಬಿಡಿ, ಮೆನುವಿನಲ್ಲಿ ಬಾಸಾಗಿಂತ ಅಂಜಲ್‌ಗೆ ದುಪ್ಪಟ್ಟು ದರ. ಆದರೆ ನನಗೆ ಸಿಟ್ಟು ತರಿಸಿದ್ದು ಆ ಮಾತು. ಗೊತ್ತಿಲ್ಲದ ಜನ ಎಂದರೆ ನಿಮ್ಮನ್ನು ನಂಬಿ ಬಂದವರು ಅಂತ ಅರ್ಥ ಅಲ್ವಾ? ಕುಂದಾಪುರದಲ್ಲಿ ಹೀಗೆ ಮಾಡಿದರೆ ಗಿರಾಕಿ ತಟ್ಟೆ ವಾಪಸ್ ಕಳಿಸುತ್ತಾನೆ. ಇಲ್ಲಿನವರಿಗೆ ನೋಡಿ ಗುರುತಿಸುವ ರೂಢಿ ಇಲ್ಲ, ಹೋಟೆಲ್‌ನವರ ಮಾತೇ ಆಧಾರ. ಹಾಗಿದ್ದ ಮೇಲೆ ಇಲ್ಲಿ ಇನ್ನೂ ಜಾಸ್ತಿ ನಿಯತ್ತು ಬೇಕು.

ಇನ್ನೊಂದು ಪರಿಣಾಮ ನೋಡಿ. ಮೀನಿನ ಹೆಸರನ್ನೇ ಬದಲಿಸಿ ಹೇಳಿದವರು ಸಿಗಡಿ ಇಲ್ಲ ಎಂದದ್ದನ್ನು ನಂಬುವುದು ಹೇಗೆ? ಮೈದುನನ ಹೆಂಡತಿ ಮಗನ ಮುಂದಿನ ಗಸಿ ಬಟ್ಟಲು ತೆಗೆದಿಟ್ಟಳು. ಆ ಹುಡುಗ ನೀರು ದೋಸೆಗೆ ಕಾಯಿ ಬೆಲ್ಲ ಹಚ್ಚಿಕೊಂಡು ತಿಂದ. ಪ್ಯಾಕೆಟ್ ತಿಂಡಿಯ ಮೇಲೆ ಮೀನು, ಸಿಗಡಿ, ಶೇಂಗಾ ಇದ್ದರೆ ಬರೆಯಲೇಬೇಕು ಎಂಬ ನಿಯಮ ಸುಮ್ನೆ ಬಂದದ್ದಲ್ಲ. ಅಲರ್ಜಿ ಇದ್ದವರಿಗೆ ಇದು ಜೀವದ ಪ್ರಶ್ನೆ.

ಆ ಬೋರ್ಡಿನ ವಿಷಯಕ್ಕೆ ಬರುತ್ತೇನೆ. ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ. ಮೀನು ಮರಿ ಮಾಡುವ ಕಾಲ, ಕಡಲೂ ಒರಟು. ಟ್ರಾಲರ್‌ಗಳೆಲ್ಲ ಬಂದರಿನ ದಕ್ಕೆಯಲ್ಲಿ ನಿಂತಿರುತ್ತವೆ. ನಾಡದೋಣಿಯವರು ತರುವ ಸ್ವಲ್ಪ ಮೀನಿಗೆ ಅಲ್ಲೇ ಜನ ಮುಗಿಬೀಳುತ್ತಾರೆ. ಅಂಥ ಜುಲೈ ತಿಂಗಳಲ್ಲಿ ಮಂಗಳೂರಿನಿಂದ ದಿನಾ ತಾಜಾ ಮೀನು ಕಲಬುರಗಿಗೆ ಬರುತ್ತದೆ ಎಂದರೆ ಕರಾವಳಿಯವರು ಯಾರೂ ನಂಬುವುದಿಲ್ಲ. ಪೂರ್ವ ಕರಾವಳಿಯಲ್ಲಿ ಈ ನಿಷೇಧ ಏಪ್ರಿಲ್ 15ಕ್ಕೆ ಶುರುವಾಗಿ ಜೂನ್ 14ಕ್ಕೇ ಮುಗಿಯುತ್ತದೆ. ಆ ಹೊತ್ತಿಗೆ ಕಾಕಿನಾಡ, ವಿಶಾಖಪಟ್ಟಣದ ಕಡೆ ದೋಣಿಗಳು ಮತ್ತೆ ಕಡಲಿಗೆ ಇಳಿದಿರುತ್ತವೆ. ಅಲ್ಲಿಯ ಮೀನು ತಂದರೆ ಆಂಧ್ರದ್ದು ಎಂದು ಬರೆಯಿರಿ. ಐಸ್‌ನಲ್ಲಿ ದಿನಗಟ್ಟಲೆ ಇಟ್ಟದ್ದಾದರೆ ಹಾಗೇ ಹೇಳಿ. ಬಾಸಾ ಕೂಡ ಕೆಟ್ಟ ಮೀನಲ್ಲ. ಆಂಧ್ರದ ಕೆರೆಗಳಲ್ಲಿ ಸಾಕುತ್ತಾರೆ, ಅಗ್ಗ, ಮುಳ್ಳಿನ ಕಾಟ ಇಲ್ಲ, ಮಕ್ಕಳಿಗೆ ಒಳ್ಳೆಯದು. ಬಾಸಾ ಎಂದು ಹೇಳಿ, ಬಾಸಾದ ದರಕ್ಕೆ ಕೊಟ್ಟರೆ ಯಾರ ತಕರಾರೂ ಇಲ್ಲ.

ತಾಜಾ ಎಂಬ ಮಾತನ್ನು ನಮ್ಮ ಊರಿನ ಬಿಸಿಲಲ್ಲಿ ಹಗುರವಾಗಿ ಬಳಸಬಾರದು. ಬಂಗುಡೆಯಂಥ ಮೀನು ಹಿಡಿದ ಕ್ಷಣದಿಂದ ಐಸ್‌ನಲ್ಲೇ ಇರಬೇಕು. ತಂಪು ತಪ್ಪಿದರೆ ಅದರಲ್ಲಿ ಹಿಸ್ಟಮಿನ್ ಎಂಬ, ಮೈಗೆ ಆಗದ ರಾಸಾಯನಿಕ ಹುಟ್ಟುತ್ತದೆ. ಆಮೇಲೆ ಎಷ್ಟೇ ಹುರಿದರೂ, ಕುದಿಸಿದರೂ ಅದು ಹೋಗುವುದಿಲ್ಲ. ತಿಂದ ಸ್ವಲ್ಪ ಹೊತ್ತಿಗೇ ಮುಖ ಕೆಂಪೇರಿ, ತುರಿಕೆ, ತಲೆನೋವು ಶುರುವಾಗಬಹುದು. ಜನ ಅದನ್ನು ಮೀನಿನ ಅಲರ್ಜಿ ಎಂದುಕೊಂಡು ಮೀನನ್ನೇ ಬಿಡುತ್ತಾರೆ.

ಇನ್ನೊಂದು ಆಸೆಯೂ ಇದೆ. ಭೀಮಾ ಹೊಳೆ ಇಷ್ಟು ಹತ್ತಿರ ಇದೆ. ಬೆಣ್ಣೆತೊರಾ ಜಲಾಶಯ ಇದೆ. ಆ ಕಡೆ ಬೀದರಿನ ಕಾರಂಜಾ, ಈ ಕಡೆ ಯಾದಗಿರಿಯಲ್ಲಿ ಕೃಷ್ಣೆ. ಇಷ್ಟೆಲ್ಲ ನೀರಿದ್ದೂ ಆ ಮೆನುವಿನಲ್ಲಿ ಹೊಳೆ ಮೀನು ಒಂದೂ ಇರಲಿಲ್ಲ. ಕಾಟ್ಲಾದ ತಲೆ ಸಾರು, ಜೊತೆಗೆ ಬಿಸಿ ಜೋಳದ ರೊಟ್ಟಿ ಇಡಿ ನೋಡೋಣ. ಹುಣಸೆ ಹುಳಿ, ಹುರಿದ ಎಳ್ಳು, ಒಣಕೊಬ್ಬರಿ, ಬಳ್ಳೊಳ್ಳಿ ಹಾಕಿ ನನ್ನ ಅತ್ತೆ ಮಾಡುವ ಸಾರಿನ ಮುಂದೆ ನಮ್ಮ ಗಸಿಯನ್ನು ಮೇಲು ಎನ್ನಲಾರೆ. ಅಂಜಲ್ ಬರದ ದಿನ ಬಾಸಾಗೆ ಅದರ ಹೆಸರು ಕೊಡುವ ಬದಲು, ಇವತ್ತು ಅಂಜಲ್ ಇಲ್ಲ, ಭೀಮಾ ಮೀನಿದೆ ಎನ್ನಬಹುದಲ್ಲ. ದಂಡೆಯ ಮೀನುಗಾರರಿಗೂ ನಾಲ್ಕು ಕಾಸು ಸಿಗುತ್ತದೆ.

ಆಹಾರ ಸುರಕ್ಷತಾ ಅಧಿಕಾರಿಗಳಿಗೂ ಒಂದು ವಿನಂತಿ. ಗಿರಾಕಿ ಕೇಳಿದ್ದನ್ನು ಬಿಟ್ಟು ಬೇರೆಯದನ್ನು ಕೊಟ್ಟು ಅವರಿಗೆ ನಷ್ಟ ಮಾಡಿದರೆ ದಂಡ ಹಾಕಲು 2006ರ ಆಹಾರ ಸುರಕ್ಷತಾ ಕಾಯ್ದೆಯ 50ನೇ ಸೆಕ್ಷನ್‌ನಲ್ಲೇ ಅವಕಾಶ ಇದೆ. ಇದನ್ನು ಹಿಡಿಯಲು ದೊಡ್ಡ ಲ್ಯಾಬ್ ಬೇಕಿಲ್ಲ. ಹೋಟೆಲ್‌ನ ಮೀನು ಖರೀದಿ ಬಿಲ್ ಮತ್ತು ಅವತ್ತಿನ ಮೆನು, ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಸಾಕು. ವಾರಕ್ಕೆ ಒಂದೆರಡು ಹೋಟೆಲ್‌ಗಳಲ್ಲಾದರೂ ಈ ಕೆಲಸ ಶುರು ಮಾಡಿ.

ಇಂತಿ,
ಓರ್ವ ಓದುಗಿ
ಬ್ರಹ್ಮಪುರ, ಕಲಬುರಗಿ